ಮಂಗಳೂರಿಗೆ ಓದಲು ಬರುವವರು, ದಾರಿ ತಡೆಯುವವರು

ಮಂಗಳೂರು ಓದಿನಿಂದ ಬೆಳೆದ ನಗರ. ಸೇಂಟ್ ಅಲೋಶಿಯಸ್ ಕಾಲೇಜು ಶುರುವಾದದ್ದು 1880ರಲ್ಲಿ. ಹೆಣ್ಣುಮಕ್ಕಳಿಗೆಂದೇ ಸೇಂಟ್ ಆಗ್ನೆಸ್ 1921ರಲ್ಲಿ ಬಂತು, ಕಸ್ತೂರ್ಬಾ ವೈದ್ಯಕೀಯ ಕಾಲೇಜು 1955ರಲ್ಲಿ, ಇಂದು ಎನ್‌ಐಟಿಕೆ ಎನಿಸಿಕೊಂಡಿರುವ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು 1960ರಲ್ಲಿ, ಕೊಣಾಜೆಯ ವಿಶ್ವವಿದ್ಯಾಲಯ 1980ರಲ್ಲಿ. ದೇರಳಕಟ್ಟೆಯ ಆಸುಪಾಸಿನಲ್ಲೇ ಈಗ ಮೂರು ವೈದ್ಯಕೀಯ ಕಾಲೇಜುಗಳಿವೆ. ಕಾಸರಗೋಡು, ಕಣ್ಣೂರು, ಕೊಡಗು, ಹಾಸನ, ಉತ್ತರ ಕನ್ನಡ, ಇನ್ನೂ ದೂರದ ರಾಯಚೂರು, ಕಲಬುರಗಿಯಿಂದ ಮಕ್ಕಳು ಇಲ್ಲಿಗೆ ಓದಲು ಬರುತ್ತಾರೆ. ಸೀಟು ಸಿಕ್ಕಿದ ಸಂಭ್ರಮದ ಬೆನ್ನಿಗೇ ಮನೆಯವರ ಪ್ರಶ್ನೆಯೊಂದು ಏಳುತ್ತದೆ: ಗಲಾಟೆಯ ಊರಂತಲ್ಲ, ಮಕ್ಕಳನ್ನು ಕಳಿಸಬಹುದೇ?

ದಿನನಿತ್ಯದ ಲೆಕ್ಕದಲ್ಲಿ ಮಂಗಳೂರಿಗೆ ಹೆದರಬೇಕಾದ್ದು ಕಡಿಮೆ. ಸಿಟಿ ಬಸ್ಸುಗಳು ತುಂಬಿ ಓಡುತ್ತವೆ, ಆಸ್ಪತ್ರೆಗಳು ಹೆಜ್ಜೆಗೊಂದು, ಸ್ಟೇಟ್‌ಬ್ಯಾಂಕ್, ಹಂಪನಕಟ್ಟೆ, ಕಂಕನಾಡಿಯಲ್ಲಿ ಕತ್ತಲಾದ ಮೇಲೂ ಜನ ಓಡಾಡುತ್ತಿರುತ್ತಾರೆ. ಇಲ್ಲಿನ ಅಪಾಯದ ಬಗೆ ಬೇರೆ. ಹೊಸದಾಗಿ ಬಂದ ಹುಡುಗನೋ ಹುಡುಗಿಯೋ ಯಾರ ಜತೆ ಬಸ್ಸಿನಲ್ಲಿ ಕುಳಿತರು, ಯಾರ ಜತೆ ಕಡಲತೀರಕ್ಕೆ ಹೋದರು ಎಂಬುದನ್ನು ಗಮನಿಸುವ ಕಣ್ಣುಗಳು ಈ ನಗರದಲ್ಲಿವೆ. ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಯಾರೂ ತಿರುಗಿ ನೋಡದ ಒಂದು ಸಂಜೆಯ ತಿರುಗಾಟ ಇಲ್ಲಿ ಪೊಲೀಸ್ ಠಾಣೆಯಲ್ಲಿ ಮುಗಿಯಬಹುದು.

2011ರ ಜನಗಣತಿಯ ಪ್ರಕಾರ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹಿಂದೂಗಳು ಸುಮಾರು ಶೇ 67, ಮುಸ್ಲಿಮರು ಶೇ 24, ಕ್ರೈಸ್ತರು ಶೇ 8. ತುಳು, ಬ್ಯಾರಿ, ಕೊಂಕಣಿ, ಕನ್ನಡ, ಮಲಯಾಳ ಒಂದೇ ಮಾರುಕಟ್ಟೆಯಲ್ಲಿ ಕೇಳಿಸುತ್ತವೆ. ಮೀನು, ಅಡಿಕೆ, ಬಟ್ಟೆ ವ್ಯಾಪಾರ ಇಂದಿಗೂ ಎಲ್ಲರ ಕೈ ದಾಟಿಯೇ ನಡೆಯುತ್ತದೆ. ವ್ಯಾಪಾರ ಉಳಿಸಿಕೊಂಡ ಈ ಒಡನಾಟ ಮನೆ, ಗೆಳೆತನ, ಪ್ರೀತಿಯ ವಿಷಯದಲ್ಲಿ ಕಳೆದ ಎರಡು ದಶಕಗಳಲ್ಲಿ ಸವೆಯುತ್ತಾ ಬಂದಿದೆ. 2008ರ ಸೆಪ್ಟೆಂಬರ್‌ನಲ್ಲಿ ಚರ್ಚ್‌ಗಳ ಮೇಲೆ ದಾಳಿಯಾಯಿತು. 2009ರ ಜನವರಿ 24ರಂದು ಪಬ್ ಒಂದಕ್ಕೆ ನುಗ್ಗಿ ಯುವತಿಯರನ್ನು ಎಳೆದಾಡಿ ಹೊಡೆದದ್ದನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದ ಯುವಕ ಯುವತಿಯರ ಮೇಲೆ ಗುಂಪು ಮುಗಿಬಿತ್ತು.

ವಿದ್ಯಾರ್ಥಿಗಳೇ ನೇರ ಗುರಿಯಾದ ಪ್ರಕರಣಗಳಲ್ಲಿ ಎರಡನ್ನು ಇಲ್ಲಿ ಹೇಳಲೇಬೇಕು. 2021ರ ಸೆಪ್ಟೆಂಬರ್ ಕೊನೆಯಲ್ಲಿ ಮಲ್ಪೆ ಕಡೆಯಿಂದ ಮರಳುತ್ತಿದ್ದ ವೈದ್ಯಕೀಯ ವಿದ್ಯಾರ್ಥಿಗಳ ಕಾರನ್ನು ಸುರತ್ಕಲ್ ಟೋಲ್‌ಗೇಟ್ ಬಳಿ ತಡೆದು ಹಲ್ಲೆ ನಡೆಸಲಾಯಿತು. ಬಂಧಿತರು ಠಾಣೆಯಲ್ಲೇ ಜಾಮೀನು ಪಡೆದು ಹೊರಬಂದರು. ಮರುತಿಂಗಳು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ನೈತಿಕ ಪೊಲೀಸ್‌ಗಿರಿಯ ಬಗೆಗಿನ ಪ್ರಶ್ನೆಗೆ, ಭಾವನೆಗಳಿಗೆ ಧಕ್ಕೆಯಾದಾಗ ಕ್ರಿಯೆಗೆ ಪ್ರತಿಕ್ರಿಯೆ ಬರುತ್ತದೆ ಎಂಬರ್ಥದಲ್ಲಿ ಉತ್ತರಿಸಿದರು. 2023ರ ಜೂನ್ 1ರ ಸಂಜೆ ಉಳ್ಳಾಲದ ಸೋಮೇಶ್ವರ ಕಡಲತೀರದಲ್ಲಿ ಕೇರಳ ಮೂಲದ ವಿದ್ಯಾರ್ಥಿಗಳ ಗುಂಪಿನ ಮೇಲೆ ಹಲ್ಲೆಯಾಯಿತು. ಜತೆಗಿದ್ದ ಹುಡುಗರೂ ಹುಡುಗಿಯರೂ ಬೇರೆ ಬೇರೆ ಧರ್ಮದವರು ಎಂಬುದೊಂದೇ ಅದಕ್ಕೆ ಕಾರಣ. ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುವವರು ಸಮುದ್ರದ ಮುಂದೆ ಒಟ್ಟಿಗೆ ನಿಂತದ್ದು ಅಪರಾಧವಾಯಿತು.

ಇಂಥ ತಡೆಗಳಿಗೊಂದು ಸಿದ್ಧ ಕ್ರಮವಿದೆ. ಯಾರೋ ಒಬ್ಬರು ನೋಡುತ್ತಾರೆ, ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಎರಡು ಮೂರು ಬೈಕುಗಳು ಬಂದು ಅಡ್ಡ ನಿಲ್ಲುತ್ತವೆ. ಮೊದಲು ಹುಡುಗನ ಹೆಸರು ಕೇಳುತ್ತಾರೆ. ಹೆಸರಿನಿಂದ ಧರ್ಮ ಗೊತ್ತಾಗದಿದ್ದರೆ ಕಾಲೇಜಿನ ಐಡಿ ಕಾರ್ಡ್ ತೋರಿಸು ಎನ್ನುತ್ತಾರೆ. ಆಮೇಲೆ ಹುಡುಗಿಯ ಹೆಸರು, ಊರು, ಅಪ್ಪನ ಫೋನ್ ನಂಬರ್. ಅಷ್ಟರಲ್ಲಿ ಒಬ್ಬನ ಮೊಬೈಲ್ ಚಿತ್ರೀಕರಿಸುತ್ತಲೇ ಇರುತ್ತದೆ. ಹೊಡೆತ ಬೀಳಲಿ ಬೀಳದಿರಲಿ, ಆ ವಿಡಿಯೊ ಊರಿಡೀ ಹರಿದಾಡುತ್ತದೆ. ಈ ಕಾವಲು ಒಂದೇ ಧರ್ಮದವರ ಗುತ್ತಿಗೆಯಲ್ಲ. ದೊಡ್ಡ ಸುದ್ದಿಯಾದ ಪ್ರಕರಣಗಳಲ್ಲಿ ಹೆಚ್ಚಿನವು ಹಿಂದುತ್ವ ಸಂಘಟನೆಗಳ ಕಾರ್ಯಕರ್ತರ ಮೇಲಿನವು ನಿಜ, ಆದರೆ ಮುಸ್ಲಿಂ ಹುಡುಗಿ ಅನ್ಯಧರ್ಮದ ಹುಡುಗನ ಜತೆ ಕಂಡಾಗ ಅಡ್ಡಗಟ್ಟುವ ಗುಂಪುಗಳೂ ಇವೆ. ಎರಡೂ ಕಡೆಯವರ ಲೆಕ್ಕದಲ್ಲಿ ಹುಡುಗಿ ಸಮುದಾಯದ ಸೊತ್ತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2009ರಲ್ಲೇ ಜಿಲ್ಲೆಯ ಈ ಸಾಂಸ್ಕೃತಿಕ ಪೊಲೀಸ್‌ಗಿರಿಯ ಬಗ್ಗೆ ವರದಿ ಪ್ರಕಟಿಸಿತ್ತು. ಅಂದಿನಿಂದ ಇಂದಿಗೆ ಬದಲಾದದ್ದು ಸುದ್ದಿ ಮುಟ್ಟಿಸುವ ವೇಗ ಮಾತ್ರ.

ಎರಡನೆಯ ಬಗೆಯ ತೊಂದರೆ ಬಂದ್‌ ಮತ್ತು ನಿಷೇಧಾಜ್ಞೆಯ ದಿನಗಳದ್ದು. 2019ರ ಡಿಸೆಂಬರ್ 19ರಂದು ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ಪೊಲೀಸ್ ಗೋಲಿಬಾರಿನಲ್ಲಿ ಇಬ್ಬರು ಸತ್ತರು. ಕರ್ಫ್ಯೂ ಬಂತು, ಮೊಬೈಲ್ ಇಂಟರ್‌ನೆಟ್ ನಿಂತಿತು. 2022ರ ಜುಲೈನಲ್ಲಿ ಜಿಲ್ಲೆಯಲ್ಲಿ ಬೆನ್ನುಬೆನ್ನಿಗೆ ಮೂರು ಕೊಲೆಗಳಾದಾಗ ಸಂಜೆ ಆರರಿಂದ ಅಂಗಡಿ ಮುಚ್ಚುವ ಆದೇಶ ಕೆಲ ದಿನ ಜಾರಿಯಲ್ಲಿತ್ತು. 2025ರ ಮೇ ತಿಂಗಳಲ್ಲಿ ಮತ್ತೆ ಕೊಲೆ, ಮತ್ತೆ ಬಂದ್, ಬಸ್ಸುಗಳಿಗೆ ಕಲ್ಲು. ಇಂಥ ದಿನಗಳಲ್ಲಿ ಹೊರಗಿನಿಂದ ಬಂದ ವಿದ್ಯಾರ್ಥಿಯ ಕಷ್ಟ ತೀರಾ ಸಾಮಾನ್ಯ ಸಂಗತಿಗಳದ್ದು. ನೆಟ್ ಇಲ್ಲದಿದ್ದರೆ ಯುಪಿಐ ನಡೆಯದು, ಕೈಯಲ್ಲಿ ನಗದು ಇರುವುದಿಲ್ಲ. ಪಿಜಿಯ ಮೆಸ್ಸಿಗೆ ತರಕಾರಿ ಬರುವುದಿಲ್ಲ. ಪರೀಕ್ಷೆ ಮುಂದೆ ಹೋಯಿತೋ ಇಲ್ಲವೋ ತಿಳಿಯದೆ ಹಾಲ್‌ಟಿಕೆಟ್ ಹಿಡಿದು ಹೊರಟವರು ಬಸ್ಸಿಲ್ಲದೆ ತೊಕ್ಕೊಟ್ಟಿನಲ್ಲಿ ನಿಂತುಬಿಡುತ್ತಾರೆ. ಎರಡು ದಿನಕ್ಕಾಗುವಷ್ಟು ನಗದು, ಒಣ ತಿನಿಸು, ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಪರಿಚಯದ ಮನೆ, ಕಾಗದದಲ್ಲಿ ಬರೆದಿಟ್ಟ ನಾಲ್ಕು ಫೋನ್ ನಂಬರ್ ಇದ್ದರೆ ಈ ದಿನಗಳು ಆತಂಕವಿಲ್ಲದೆ ಕಳೆಯುತ್ತವೆ.

ಮನೆ ಹುಡುಕುವಾಗ ವಿಭಜನೆ ಬೇರೆ ವೇಷದಲ್ಲಿ ಎದುರಾಗುತ್ತದೆ. ‘ವೆಜ್ ಮಾತ್ರ’ ಎಂಬ ಬೋರ್ಡು, ‘ನಮ್ಮಲ್ಲಿ ಆ ಕಡೆಯವರಿಗೆ ಕೊಡುವುದಿಲ್ಲ’ ಎಂಬ ಮಾತು, ಪೂರ್ತಿ ಹೆಸರು ಕೇಳಿದ ಮೇಲೆ ರೂಮು ದಿಢೀರನೆ ತುಂಬಿಹೋಗುವುದು. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಕೆರೆ ಬಾವಿಗಳಲ್ಲಿ ಧರ್ಮದ ಕಾರಣಕ್ಕೆ ತಡೆಯುವುದನ್ನು ನಿಷೇಧಿಸುತ್ತದೆ. ಖಾಸಗಿ ಮನೆ ಬಾಡಿಗೆ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಮಾಲೀಕರು ನಿರಾಕರಿಸಿದರೆ ಕೇಳುವವರಿಲ್ಲ. ಪರಿಣಾಮವೆಂದರೆ ಹದಿನೆಂಟರ ಮಕ್ಕಳು ಮೊದಲ ವಾರದಲ್ಲೇ ಧರ್ಮದ ಪ್ರಕಾರ ಬೇರೆ ಬೇರೆ ಪಿಜಿಗಳಿಗೆ ಹಂಚಿಹೋಗುತ್ತಾರೆ. ಕಾಲೇಜಿನದೇ ಹಾಸ್ಟೆಲ್ ಇದ್ದಲ್ಲಿ ಮೊದಲ ವರ್ಷವನ್ನಾದರೂ ಅಲ್ಲಿ ಕಳೆಯುವುದು ಒಳ್ಳೆಯದು. ಸುರಕ್ಷೆ ಅದರ ಒಂದು ಕಾರಣ. ಬೇರೆ ಮನೆಯ ಊಟ, ಬೇರೆ ಮನೆಯ ಹಬ್ಬ ಗೊತ್ತಾಗುವ ಜಾಗ ಈಗ ಮಂಗಳೂರಿನಲ್ಲಿ ಬಹುಮಟ್ಟಿಗೆ ಹಾಸ್ಟೆಲ್ ಒಂದೇ ಎಂಬುದು ಇನ್ನೂ ದೊಡ್ಡ ಕಾರಣ.

ವಾಟ್ಸ್ಆ್ಯಪ್ ಸ್ಟೇಟಸ್ಸಿನ ಬಗ್ಗೆ ಒಂದು ಮಾತು. ಊರಿನ ಗೆಳೆಯರಿಗೆಂದು ಹಾಕಿದ ಚಿತ್ರ, ಕ್ರಿಕೆಟ್ಟಿನ ಕುರಿತ ಕೆಣಕುಮಾತು, ಯಾರೋ ಕಳಿಸಿದ್ದನ್ನು ಮುಂದಕ್ಕೆ ರವಾನಿಸಿದ್ದು ಸ್ಕ್ರೀನ್‌ಶಾಟ್ ಆಗಿ ಠಾಣೆ ಮೆಟ್ಟಿಲೇರಬಹುದು. ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ, ಅಂದರೆ ಗುಂಪುಗಳ ನಡುವೆ ದ್ವೇಷ ಹುಟ್ಟಿಸಿದ ಆರೋಪ, ಜಾಮೀನುರಹಿತ. ದಾಖಲಾದರೆ ಓದು ಅಲ್ಲಿಗೆ ನಿಲ್ಲಬಹುದು.

ಶಿಕ್ಷಣ ಸಂಸ್ಥೆಗಳು ಇದಕ್ಕೆಲ್ಲ ಕಂಡುಕೊಂಡ ಮದ್ದು ನಿರ್ಬಂಧ. ಹಾಸ್ಟೆಲ್ ಗೇಟು ಬೇಗ ಮುಚ್ಚುವುದು, ಬೀಚಿಗೆ ಹೋಗಬೇಡಿ ಎನ್ನುವುದು, ‘ಆ ಹುಡುಗನ ಜತೆ ಹೆಚ್ಚು ಕಾಣಿಸಿಕೊಳ್ಳಬೇಡಮ್ಮ’ ಎಂದು ವಾರ್ಡನ್ ಮೆಲ್ಲಗೆ ಹೇಳುವುದು. ಹೇಳುವವರ ಕಾಳಜಿ ನಿಜವಿರಬಹುದು. ಆದರೆ ಪುಂಡರ ಗುಂಪು ಬೀದಿಯಲ್ಲಿ ನಿಂತು ಹೇಳುವುದನ್ನೇ ವಾರ್ಡನ್ ಕೋಣೆಯೊಳಗೆ ಹೇಳಿದಂತಾಗುತ್ತದೆ. ಕೋಯಿಕ್ಕೋಡ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು ರಾತ್ರಿ 9.30ರ ಹಾಸ್ಟೆಲ್ ನಿರ್ಬಂಧವನ್ನು ಪ್ರಶ್ನಿಸಿ 2022ರಲ್ಲಿ ನ್ಯಾಯಾಲಯಕ್ಕೆ ಹೋದಾಗ, ಕೂಡಿಹಾಕುವುದು ಹೆಣ್ಣುಮಕ್ಕಳನ್ನೇ ಏಕೆ ಎಂದು ಕೇರಳ ಹೈಕೋರ್ಟ್ ಕೇಳಿತ್ತು. ಮಂಗಳೂರಿನ ಕಾಲೇಜುಗಳೂ ಆ ಪ್ರಶ್ನೆಯನ್ನು ತಮಗೇ ಹಾಕಿಕೊಳ್ಳಬೇಕು.

ಠಾಣೆಯಲ್ಲೂ ಇದೇ ಧಾಟಿ. ‘ಪೋಷಕರನ್ನು ಕರೆಸಿ, ಬುದ್ಧಿವಾದ ಹೇಳಿ ಕಳುಹಿಸಲಾಯಿತು’ ಎಂಬ ವಾಕ್ಯ ಕರಾವಳಿಯ ಪತ್ರಿಕೆಗಳಲ್ಲಿ ಎಷ್ಟೋ ಸಲ ಅಚ್ಚಾಗಿದೆ. ಬುದ್ಧಿವಾದ ಕೇಳಿಸಿಕೊಳ್ಳಬೇಕಾದವರು ದಾರಿ ತಡೆದವರು. ಕೇಳಿಸಿಕೊಂಡು ತಲೆ ತಗ್ಗಿಸಿದ್ದು ತಡೆಸಿಕೊಂಡವರು. ಹದಿನೆಂಟು ತುಂಬಿದವರು ಗೆಳೆಯನ ಜತೆ ಐಸ್‌ಕ್ರೀಂ ತಿಂದದ್ದಕ್ಕೆ ಅಪ್ಪ ಅಮ್ಮನನ್ನು ಠಾಣೆಗೆ ಕರೆಸಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಮಹಿಳಾ ಸಾಕ್ಷಿಯನ್ನು ಅವಳಿರುವಲ್ಲಿಗೇ ಹೋಗಿ ವಿಚಾರಿಸಬೇಕು, ಠಾಣೆಗೆ ಬಾ ಎಂದು ಒತ್ತಾಯಿಸುವಂತಿಲ್ಲ ಎಂಬುದು ಕಾನೂನಿನಲ್ಲಿರುವ ಮಾತು. ಮನೆಗೆ ಸುದ್ದಿ ಹೋದರೆ ಓದು ಬಿಡಿಸಿ ಕರೆದೊಯ್ಯುತ್ತಾರೆ ಎಂಬ ಭಯದಲ್ಲೇ ಹೆಚ್ಚಿನ ಹುಡುಗಿಯರು ದೂರು ಕೊಡುವುದಿಲ್ಲ. ಆ ಭಯವನ್ನು ಪುಂಡರೂ ಚೆನ್ನಾಗಿ ಬಲ್ಲರು.

ದೂರು ಕೊಟ್ಟರೆ ಏನಾಗುತ್ತದೆ ಎಂಬುದು ಹೆಚ್ಚಾಗಿ ದೂರಿನಲ್ಲಿ ಬರೆದದ್ದರ ಮೇಲೆ ನಿಂತಿದೆ. ದಾರಿ ತಡೆದದ್ದು ನ್ಯಾಯ ಸಂಹಿತೆಯ 126(2)ನೇ ಕಲಂನಡಿ ಬರುತ್ತದೆ: ಗರಿಷ್ಠ ಒಂದು ತಿಂಗಳ ಸಾದಾ ಸಜೆ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾಧಾರಣ ಹಲ್ಲೆ 115(2). ಎರಡೂ ಜಾಮೀನು ಸಿಗುವಂಥವು, ಹಾಗಾಗಿ ಆರೋಪಿಗಳು ಅಂದೇ ಮನೆಗೆ ಹೋಗುತ್ತಾರೆ. ಹುಡುಗಿಯ ಕೈ ಹಿಡಿದೆಳೆದದ್ದು, ದುಪಟ್ಟಾ ಎಳೆದದ್ದು ದೂರಿನಲ್ಲಿದ್ದರೆ 74ನೇ ಕಲಂ ಸೇರುತ್ತದೆ. ಅದು ಜಾಮೀನುರಹಿತ, ಒಂದರಿಂದ ಐದು ವರ್ಷದವರೆಗೆ ಸಜೆ. ಗಾಬರಿಯಲ್ಲಿ ‘ಗಲಾಟೆ ಮಾಡಿದರು’ ಎಂದಷ್ಟೇ ಬರೆಸಿ ಬಂದರೆ ಪ್ರಕರಣ ಹುಟ್ಟುವಾಗಲೇ ಸೊರಗಿರುತ್ತದೆ. ತುರ್ತಿಗೆ 112 ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ದೂರನ್ನು ಯಾವ ಠಾಣೆಯಲ್ಲಿ ಬೇಕಾದರೂ ಕೊಡಬಹುದು. ಮಂಗಳೂರಿನಲ್ಲಿ ಧೈರ್ಯ ಸಾಲದಿದ್ದರೆ ಕಣ್ಣೂರಿನಲ್ಲಿ, ಹಾಸನದಲ್ಲಿ ಕೊಡಬಹುದು. ಆನ್‌ಲೈನಿನಲ್ಲಿ ಕಳಿಸಿದರೆ ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ.

ಗುಂಪು ಹಲ್ಲೆ ತಡೆಯಲು ಪ್ರತಿ ಜಿಲ್ಲೆಯಲ್ಲೂ ಎಸ್‌ಪಿ ದರ್ಜೆಗೆ ಕಡಿಮೆಯಲ್ಲದ ನೋಡಲ್ ಅಧಿಕಾರಿ ಇರಬೇಕೆಂದು ಸುಪ್ರೀಂ ಕೋರ್ಟ್ 2018ರ ಜುಲೈ 17ರ ತೆಹಸೀನ್ ಪೂನಾವಾಲಾ ತೀರ್ಪಿನಲ್ಲಿ ಹೇಳಿದೆ. ಸೋಮೇಶ್ವರದ ಘಟನೆಯ ಬೆನ್ನಿಗೆ ಮಂಗಳೂರು ಕಮಿಷನರೇಟಿನಲ್ಲಿ ಕೋಮು ನಿಗ್ರಹ ದಳ ಮಾಡುವುದಾಗಿ ಸರ್ಕಾರ ಪ್ರಕಟಿಸಿತು. 2025ರ ಜೂನ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆಂದು ವಿಶೇಷ ಕಾರ್ಯಪಡೆ ಬಂತು. ಇವುಗಳ ನಂಬರ್ ಹೊಸ ವಿದ್ಯಾರ್ಥಿಯ ಕೈಗೆ ಸಿಗಬೇಕಾದ್ದು ಪ್ರವೇಶಾತಿಯ ದಿನವೇ, ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಗೆ ಸಹಿ ಮಾಡಿಸಿಕೊಳ್ಳುವ ಮೇಜಿನಲ್ಲೇ.

ಇನ್ನು ನ್ಯಾಯಾಲಯದಲ್ಲಿ, 2009ರ ಪಬ್ ದಾಳಿಯ ಆರೋಪಿಗಳು 2018ರ ಮಾರ್ಚ್‌ನಲ್ಲಿ ಖುಲಾಸೆಯಾದರು. ಹೋಂಸ್ಟೇ ದಾಳಿಯ 40 ಆರೋಪಿಗಳು 2024ರ ಆಗಸ್ಟ್‌ನಲ್ಲಿ, ಅಂದರೆ ಹನ್ನೆರಡು ವರ್ಷದ ಮೇಲೆ, ಖುಲಾಸೆಯಾದರು. ಕ್ಯಾಮೆರಾ ಮುಂದೆ ನಡೆದ ಹಲ್ಲೆಗಳ ಗತಿಯೇ ಇದು. ವಿದ್ಯಾರ್ಥಿಗಳ ಪ್ರಕರಣದಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಹಲ್ಲೆಗೊಳಗಾದವರು ಮೂರು ನಾಲ್ಕು ವರ್ಷದಲ್ಲಿ ಕೋರ್ಸು ಮುಗಿಸಿ ಊರು ಬಿಡುತ್ತಾರೆ. ವಿಚಾರಣೆಗೆ ಬರುವಷ್ಟರಲ್ಲಿ ಅವರು ದುಬೈಯಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿರುತ್ತಾರೆ, ಮದುವೆಯೂ ಆಗಿರಬಹುದು. ಹಳೆಯದನ್ನು ಕೆದಕಲು ಮನೆಯವರು ಬಿಡುವುದಿಲ್ಲ. ಆರೋಪಿಗಳಾದರೋ ಇದೇ ಊರಿನವರು, ಪ್ರತಿ ವಾಯಿದೆಗೂ ಹಾಜರಿರುತ್ತಾರೆ.

ಈ ಅಂತರ ತುಂಬಬಲ್ಲ ಒಬ್ಬರೇ ಇದ್ದಾರೆ, ಅದು ಕಾಲೇಜು. ವಿದ್ಯಾರ್ಥಿ ಹೋದರೂ ಕಾಲೇಜು ಮಂಗಳೂರಿನಲ್ಲೇ ಇರುತ್ತದೆ. ದೂರಿನ ಪ್ರತಿ, ವೈದ್ಯಕೀಯ ವರದಿ, ವಿಡಿಯೊವನ್ನು ಕಡತದಲ್ಲಿ ಕಾಪಿಡುವುದು ಅದಕ್ಕೆ ಸಾಧ್ಯ. ದೊಡ್ಡ ಸಂಸ್ಥೆಗಳಿಗೆ ಸ್ವಂತ ಕಾನೂನು ಸಲಹೆಗಾರರಿದ್ದಾರೆ. ಆಸ್ತಿ ವ್ಯಾಜ್ಯ ನೋಡಿಕೊಳ್ಳುವ ಅದೇ ವಕೀಲರು ವಿದ್ಯಾರ್ಥಿಯ ದೂರನ್ನು ಓದಿ ತಿದ್ದಿಕೊಡಬಹುದು, ಸಮನ್ಸ್ ಬಂದಾಗ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಬಹುದು. ನಾಗರಿಕ ಸುರಕ್ಷಾ ಸಂಹಿತೆ ಸಾಕ್ಷಿಯ ಹೇಳಿಕೆಯನ್ನು ವಿಡಿಯೊ ಮೂಲಕ ಪಡೆಯಲು ಅವಕಾಶ ಕೊಟ್ಟಿದೆ. ಅದಕ್ಕೆ ಅರ್ಜಿ ಹಾಕಿಸುವುದು, ವಿಡಿಯೊ ಸಾಲದಿದ್ದರೆ ಪ್ರಯಾಣದ ವೆಚ್ಚ ಭರಿಸಿ ಕರೆಸುವುದು, ಸಾಕ್ಷಿ ಹೇಳುವ ದಿನ ಅವರ ಹಿಂದೆ ಪ್ರಾಂಶುಪಾಲರೋ ಒಬ್ಬ ಅಧ್ಯಾಪಕರೋ ನ್ಯಾಯಾಲಯದಲ್ಲಿ ಕುಳಿತಿರುವುದು, ಇವೆಲ್ಲ ಲಕ್ಷಗಟ್ಟಲೆ ಶುಲ್ಕ ಪಡೆಯುವ ಸಂಸ್ಥೆಗೆ ದೊಡ್ಡ ಖರ್ಚಲ್ಲ. ಪ್ರವೇಶಕ್ಕೆ ಬಂದ ಪೋಷಕರು ಪ್ಲೇಸ್‌ಮೆಂಟ್ ವಿವರ ಕೇಳುವಾಗ ಇದನ್ನೂ ಕೇಳಬೇಕು: ನಮ್ಮ ಮಗಳನ್ನು ಯಾರಾದರೂ ರಸ್ತೆಯಲ್ಲಿ ತಡೆದರೆ ಠಾಣೆಗೆ ಅವಳ ಜತೆ ನಿಮ್ಮ ಕಾಲೇಜಿನಿಂದ ಯಾರು ಬರುತ್ತಾರೆ, ಅವರ ಹೆಸರೇನು, ನಂಬರ್ ಕೊಡಿ.