ಗೃಹಶುಶ್ರೂಷೆ: ಪಾರ್ಶ್ವವಾಯು ಬಡಿದ ಮನೆಯಲ್ಲಿ

ಕೆಲವು ವರ್ಷಗಳ ಹಿಂದಿನ ಮಾತು. ರಾತ್ರಿ ಊಟಕ್ಕೆ ಕುಳಿತಿದ್ದ ನಮ್ಮ ಅಣ್ಣನವರ ಬಲಗೈಯಿಂದ ರೊಟ್ಟಿಯ ತುತ್ತು ಜಾರಿ ಬಿದ್ದಿತು. ಬಾಯಿ ಸೊಟ್ಟಗಾಯಿತು, ಮಾತು ತೊದಲಿತು. ದಣಿವಾಗಿರಬೇಕೆಂದು ನಾವು ಅವರನ್ನು ಮಲಗಿಸಿದೆವು. ಒಬ್ಬರು ಹಾಲು ಕುಡಿಸಿದರು, ಇನ್ನೊಬ್ಬರು ಕೈಕಾಲಿಗೆ ಎಣ್ಣೆ ತಿಕ್ಕಿದರು. ಆಸ್ಪತ್ರೆ ಮುಟ್ಟುವಾಗ ಬೆಳಗಾಗಿತ್ತು. ಅಣ್ಣನವರು ಬದುಕಿದರು, ಆದರೆ ಬಲಗೈಯೂ ಮಾತೂ ಮೊದಲಿನಂತಾಗಲಿಲ್ಲ. ಆ ರಾತ್ರಿ ನಮ್ಮ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ತಿಳಿವಳಿಕೆಗೆ. ಬೇರೆ ಯಾವ ಮನೆಗೂ ಅಂಥ ಕೊರತೆ ಬಾರದಿರಲೆಂದು ಈ ತಿಂಗಳು ಇದನ್ನು ಬರೆಯುತ್ತಿದ್ದೇವೆ.

ಜನ ಲಕ್ವವೆಂದು ಕರೆಯುವ ಪಾರ್ಶ್ವವಾಯು ಕೈಕಾಲಿನ ರೋಗವಲ್ಲ, ಮಿದುಳಿನದು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದರಿಂದ ಇಲ್ಲವೆ ರಕ್ತನಾಳ ಒಡೆಯುವುದರಿಂದ ಅದು ಉಂಟಾಗುತ್ತದೆ. ಮಿದುಳಿನ ಎಡಭಾಗ ದೇಹದ ಬಲಭಾಗವನ್ನು ಆಳುತ್ತದೆ. ಹೆಚ್ಚಿನವರಲ್ಲಿ ಮಾತಿನ ನೆಲೆಯೂ ಅಲ್ಲಿಯೇ ಇದೆ. ಬಲಗೈ ಬಿದ್ದವರಿಗೆ ಅನೇಕ ವೇಳೆ ಮಾತೂ ನಿಲ್ಲುವುದು ಇದರಿಂದಲೇ. ದೊಡ್ಡ ರಕ್ತನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ತಜ್ಞರು ಲೆಕ್ಕ ಹಾಕಿದ್ದಾರೆ. ನಾವು ಬೆಳಗಿನವರೆಗೆ ಕಾದೆವು!

ಗುರುತಿಸುವ ಬಗೆ ಸುಲಭ. ನಗಲು ಹೇಳಿದರೆ ಮುಖದ ಒಂದು ಬದಿ ಜೋಲುವುದು, ಎರಡೂ ಕೈ ಎತ್ತಿಸಿದರೆ ಒಂದು ಕೆಳಗಿಳಿಯುವುದು, ಮಾತು ತಡವರಿಸುವುದು. ಇವುಗಳಲ್ಲಿ ಒಂದು ಹಠಾತ್ತನೆ ಕಂಡರೂ ತತ್‌ಕ್ಷಣ 108ಕ್ಕೆ ಕರೆ ಮಾಡಬೇಕು, ಸಿ.ಟಿ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೇ ಒಯ್ಯಬೇಕು. ಲಕ್ಷಣಗಳು ಕೆಲವೇ ನಿಮಿಷಗಳಲ್ಲಿ ಮಾಯವಾದರೂ ತಡಮಾಡಬಾರದು, ಅದು ಮುಂದಿನ ಆಘಾತದ ಮುನ್ಸೂಚನೆಯಾಗಿರಬಹುದು. ರೋಗಿ ಕೊನೆಯದಾಗಿ ಸರಿಯಾಗಿದ್ದ ವೇಳೆಯನ್ನು ಬರೆದಿಡಬೇಕು. ವೈದ್ಯರು ಮೊದಲು ಕೇಳುವ ಪ್ರಶ್ನೆ ಅದೇ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಆಯ್ದ ಕೆಲವು ರೋಗಿಗಳಲ್ಲಿ ಮಾತ್ರ 24 ಗಂಟೆಗಳವರೆಗೂ ದೊಡ್ಡ ನಾಳದ ಹೆಪ್ಪನ್ನು ಕೊಳವೆಯ ಮೂಲಕ ಹೊರತೆಗೆಯಬಹುದು. ರಕ್ತಸ್ರಾವವಾಗಿದ್ದರೆ ಅದೇ ಚುಚ್ಚುಮದ್ದು ಅಪಾಯಕರವಾದುದರಿಂದ ಸ್ಕ್ಯಾನ್ ಮೊದಲು ಆಗಬೇಕು. ಮನೆಯಲ್ಲಿಯೇ ಆಸ್ಪಿರಿನ್ ನುಂಗಿಸಬಾರದೆಂಬುದಕ್ಕೂ ಇದೇ ಕಾರಣ. ಪಾರಿವಾಳದ ರಕ್ತ ಹಚ್ಚಿಸಲೆಂದು ಊರೂರು ಅಲೆಯುವುದರಲ್ಲಿ ಕಳೆಯುವುದು ಈ ಅಮೂಲ್ಯ ಗಂಟೆಗಳನ್ನೇ.

ಬಾಯಿಗೆ ಹಾಲು, ನೀರು, ಮಾತ್ರೆ ಯಾವುದನ್ನೂ ಹಾಕಬಾರದು. ನುಂಗುವ ಶಕ್ತಿ ಕುಂದಿದಾಗ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತದೆ. ಅಣ್ಣನವರಿಗೆ ಆದುದೂ ಅದೇ.

ಆಸ್ಪತ್ರೆಯಲ್ಲಿ ದಾದಿಯೊಬ್ಬರು ಗಂಟೆಗೊಮ್ಮೆ ಅಣ್ಣನವರನ್ನು ಎಬ್ಬಿಸುತ್ತಿದ್ದುದನ್ನು ಕಂಡು ನಾವು ಸಿಡುಕಿದ್ದೆವು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6, ಒಟ್ಟು 15 ಅಂಕಗಳ ಗ್ಲಾಸ್ಗೋ ಮಾಪನದಿಂದ ಅವರು ಪ್ರಜ್ಞೆಯನ್ನು ಅಳೆಯುತ್ತಿದ್ದರೆಂದು ಆಮೇಲೆ ತಿಳಿಯಿತು. ಈ ಮಾಪನ 1974ರಲ್ಲಿ ಬಂದುದು. ಅತಿ ಕಡಿಮೆ ಅಂಕ 3. ತಲೆಗೆ ಪೆಟ್ಟು ಬಿದ್ದವರಿಗೂ ಇದೇ ಅಳತೆ. ಅಂಕ ಇಳಿಯಿತೆಂದರೆ ಮಿದುಳಿನೊಳಗೆ ಬಾವು ಅಥವಾ ರಕ್ತಸ್ರಾವ ಹೆಚ್ಚುತ್ತಿರಬಹುದು. ನಾವು ನಿದ್ದೆ ಕೆಡಿಸುವುದೆಂದು ಬಗೆದದ್ದು ವಾಸ್ತವವಾಗಿ ಜೀವದ ಕಾವಲಾಗಿತ್ತು.

ಮನೆಗೆ ಮರಳಿದ ಮೇಲೆ ಶುಶ್ರೂಷೆಯ ಭಾರ ಮನೆಯವರದು. ತಾನಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಸೊಂಟದ ಹಿಂಭಾಗ, ಹಿಮ್ಮಡಿಗಳನ್ನು ದಿನವೂ ನೋಡಬೇಕು. ಚರ್ಮ ಕೆಂಪಾಗಿದ್ದರೆ ಅದು ಹಾಸಿಗೆ ಹುಣ್ಣಿನ ಆರಂಭ, ಅಲ್ಲಿ ತಿಕ್ಕಬಾರದು, ಭಾರ ಬೀಳದಂತೆ ಮಲಗಿಸಬೇಕು. ಬಲಗುಂದಿದ ಕೈಯನ್ನು ಹಿಡಿದೆಳೆದು ಎಬ್ಬಿಸಿದರೆ ಭುಜದ ಕೀಲು ಸಡಿಲಗೊಳ್ಳುತ್ತದೆ. ಆ ಕೈಗೆ ದಿಂಬಿನ ಆಸರೆ ಕೊಡಬೇಕು. ಅಂಗಿ ತೊಡಿಸುವಾಗ ಬಲಗುಂದಿದ ಕೈ ಮೊದಲು, ಕಳಚುವಾಗ ಕೊನೆಗೆ. ಊಟಕ್ಕೆ ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ ನಿಧಾನವಾಗಿ ಉಣಿಸಬೇಕು, ಕೆಮ್ಮಿದರೆ ನಿಲ್ಲಿಸಬೇಕು, ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ರಕ್ತದೊತ್ತಡದ ಮಾತ್ರೆಯನ್ನು ವೈದ್ಯರು ಹೇಳದೆ ಬಿಡಲೇಬಾರದು.

ಮಾತು ಹೋದವರ ಬುದ್ಧಿ ಹೋಗಿದೆಯೆಂದು ತಿಳಿದು ಅವರೆದುರಿನಲ್ಲೇ ಅವರ ಖರ್ಚಿನ, ಆಸ್ತಿಯ ಮಾತಾಡುವವರುಂಟು. ಅವರಿಗೆ ಬಹಳಷ್ಟು ಅರ್ಥವಾಗುತ್ತಿರಬಹುದು. ಆಡಲು ಮಾತ್ರ ಪದ ಸಿಗದು. ಚಿಕ್ಕ ವಾಕ್ಯದಲ್ಲಿ ಕೇಳಬೇಕು, 'ಹೌದು', 'ಅಲ್ಲ' ಎಂದು ತಲೆಯಾಡಿಸಿ ಹೇಳಬಹುದಾದ ಪ್ರಶ್ನೆಗಳನ್ನಿಡಬೇಕು, ಉತ್ತರಕ್ಕೆ ಕಾಯಬೇಕು. ಚೇತರಿಕೆ ಮೊದಲ ಮೂರು ತಿಂಗಳಲ್ಲಿ ಹೆಚ್ಚು ವೇಗವಾದರೂ ಅಲ್ಲಿಗೇ ನಿಲ್ಲುವುದಿಲ್ಲ, ಅಭ್ಯಾಸ ಬಿಡಬಾರದು.

ಇನ್ನೊಂದು ಮಾತು. ನಮ್ಮ ಅತ್ತಿಗೆಯವರು ಒಂದು ವರ್ಷ ಕಾಲ ಒಂದು ರಾತ್ರಿಯೂ ಸರಿಯಾಗಿ ಮಲಗಲಿಲ್ಲ. ನಾವು ಅವರ ತಾಳ್ಮೆಯನ್ನು ಹೊಗಳಿದೆವೇ ಹೊರತು ಸರದಿಯ ಮೇಲೆ ಎದ್ದು ಕೂರಲಿಲ್ಲ. ಒಂದು ದಿನ ಅವರೇ ತಲೆಸುತ್ತಿ ಬಿದ್ದಾಗ ನಮ್ಮ ಕಣ್ಣು ತೆರೆಯಿತು. ಶುಶ್ರೂಷೆ ಸೊಸೆಯೊಬ್ಬಳ, ಮಡದಿಯೊಬ್ಬಳ ಪಾಲಿನದಲ್ಲ. ಗಂಡು ಮಕ್ಕಳೂ ಕೈಹಚ್ಚಬೇಕಾದ ಕಾಯಕವದು.

ಓದುಗ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಇಂದೇ ಗೋಡೆಯ ಪಂಚಾಂಗದ ಮೇಲೆ 108 ಎಂದು ದೊಡ್ಡದಾಗಿ ಬರೆದಿಡಿ. ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ವಿಚಾರಿಸಿ ಕೆಳಗೆ ಬರೆಯಿರಿ. ನಗು, ಕೈ, ಮಾತು ಎಂಬ ಮೂರು ಗುರುತುಗಳನ್ನು ಮಕ್ಕಳಿಗೂ ಕಲಿಸಿರಿ. ತುತ್ತು ಜಾರುವ ಆ ಗಳಿಗೆ ಯಾರ ಮನೆಗೂ ಹೇಳಿ ಬರುವುದಿಲ್ಲ.