ಹಡಗು ನೋಡಾಕ ಯಾಕ ಹೋಗಬೇಕು?

 

'ದೇಶ ಸುತ್ತಬೇಕು, ಕೋಶ ಓದಬೇಕು' ಎಂದು ಹಿರಿಯರು ಹೇಳಿದ್ದಾರೆ. ಕೋಶ ಓದುವ ಕೆಲಸವನ್ನು ನಾವು ವರ್ಷಪೂರ್ತಿ ಮಾಡುತ್ತೇವೆ. ದೇಶ ಸುತ್ತಲು ನಮಗೆ ಸಿಗುವುದು ವರ್ಷಕ್ಕೆ ಒಂದೇ ದಿನ, ಅದು ಶಾಲೆಯ ಪ್ರವಾಸದ ದಿನ. ಆ ಒಂದು ದಿನ ಎಲ್ಲಿಗೆ ಹೋಗಬೇಕು ಅನ್ನೋದು ಈ ತಿಂಗಳು ಪಾಲಕರ ಸಭೆಯಲ್ಲಿ ತೀರ್ಮಾನ ಆಗ್ತೈತಿ. ನಮ್ಮ ತರಗತಿಯ ಹೆಚ್ಚಿನವರು ನೀರಾಟದ ಪಾರ್ಕಿಗೆ ಹೋಗೋಣ ಅಂತಾರ. ಕಾರವಾರಕ್ಕೆ ಹೋಗಿ ಯುದ್ಧ ಹಡಗು ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಕಾರಣಗಳನ್ನು ಕೊಡುತ್ತೇನೆ. ಎಲ್ಲರೂ ಪೂರ್ತಿ ಓದಿ ಆಮೇಲೆ ಮಾತಾಡಬೇಕಾಗಿ ವಿನಂತಿ.

ಕೆಲವರು ಅಂಚೆಚೀಟಿ ಕೂಡಿಸುತ್ತಾರೆ. ಕೆಲವರು ಹಳೆ ನಾಣ್ಯ ಕೂಡಿಸುತ್ತಾರೆ. ನನ್ನ ಹವ್ಯಾಸ ಹಳೆಯ ಯುದ್ಧ ಹಡಗು. ಹಡಗನ್ನು ಮನೆಯಲ್ಲಿ ಕೂಡಿಸಿ ಇಡಲಿಕ್ಕೆ ಬರೋದಿಲ್ಲ, ಅದು ಇದ್ದಲ್ಲಿಗೇ ನಾವು ಹೋಗಬೇಕು. ನಮ್ಮ ಸೋದರಮಾವ ಕಾರವಾರದಲ್ಲಿ ಗೌಂಡಿ ಕೆಲಸ ಮಾಡ್ತಾರ. ರಜೆಯಲ್ಲಿ ಅವರ ಹತ್ತಿರ ಹೋದಾಗ ನಾನು ಎರಡು ಸಲ ಆ ಹಡಗು ನೋಡಿದ್ದೇನೆ. ಉಳಿದ ಹಡಗುಗಳು ನನ್ನ ನೋಟ್‌ಬುಕ್ಕಿನಲ್ಲಿ ಪೇಪರ್ ಕಟಿಂಗ್ ಆಗಿ ಅದಾವು. ಓದಿ ತಿಳಿದದ್ದಕ್ಕೂ ಹತ್ತಿ ನೋಡಿದ್ದಕ್ಕೂ ಬಹಳ ಫರಕು ಐತಿ. ಅದಕ್ಕೇ ಈ ಲೇಖನ.

ಕಾರವಾರದ ಹಡಗಿನ ಹೆಸರು ಐಎನ್ಎಸ್ ಚಪಲ. ಅದು ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐತಿ. ನೀರಿನಲ್ಲಿ ಅಲ್ಲ, ನೆಲದ ಮೇಲೆ ಕಟ್ಟೆ ಕಟ್ಟಿ ಅದರ ಮೇಲೆ ನಿಲ್ಲಿಸ್ಯಾರ. ಇದು ರಷ್ಯಾದಲ್ಲಿ ತಯಾರಾದ ಕ್ಷಿಪಣಿ ಹಡಗು. 1976ರಲ್ಲಿ ನಮ್ಮ ನೌಕಾಪಡೆಗೆ ಸೇರಿತು, 2005ರಲ್ಲಿ ನಿವೃತ್ತಿ ಆಯಿತು, 2006ರಿಂದ ವಸ್ತು ಸಂಗ್ರಹಾಲಯ ಆಗಿದೆ. ಉದ್ದ 38 ಮೀಟರಿಗಿಂತ ಸ್ವಲ್ಪ ಹೆಚ್ಚು, ಅಂದರೆ ನಮ್ಮ ಶಾಲೆಯ ಐದು ಕೋಣೆಗಳನ್ನು ಸಾಲಾಗಿ ಇಟ್ಟಷ್ಟು. ಅಷ್ಟರಲ್ಲೇ ಎಂಜಿನ್ನು, ಎಣ್ಣೆ, ತೋಪು, ನಾಲ್ಕು ದೊಡ್ಡ ಕ್ಷಿಪಣಿ, ಸುಮಾರು 30 ಜನರ ಊಟ ನಿದ್ದೆ, ಎಲ್ಲಾ ಆಗಬೇಕು. ಬಾಗಿಲು ದಾಟಬೇಕಾದರೆ ತಲೆ ಬಗ್ಗಿಸಬೇಕು, ಕಾಲು ಎತ್ತಿ ಇಡಬೇಕು. ಏಣಿ ನೆಟ್ಟಗೆ ಗೋಡೆಯಂತೆ ಐತಿ. ಒಳಗೆ ನಾವಿಕರ ಬೊಂಬೆಗಳನ್ನು ನಿಲ್ಲಿಸ್ಯಾರ. ನಾವು ಮನೆಯಲ್ಲಿ ಕೋಣೆ ಸಣ್ಣದು ಅಂತ ಜಗಳ ಮಾಡ್ತೀವಿ. ಅಷ್ಟು ಜನ ಅಷ್ಟು ಜಾಗದಲ್ಲಿ ಜಗಳ ಮಾಡದೆ ಹೇಗಿದ್ದರು ಅನ್ನೋದು ಅದರೊಳಗೆ ನಿಂತರೇ ತಿಳಿಯೋದು.

ಕೆಲವರು 'ಇದೇ ಹಡಗು ಕರಾಚಿಗೆ ಹೋಗಿ ಯುದ್ಧ ಮಾಡಿತ್ತು' ಅಂತ ಹೇಳ್ತಾರ. ಅದು ಸರಿಯಲ್ಲ. ಆ ಯುದ್ಧ ನಡೆದದ್ದು 1971ರಲ್ಲಿ, ಚಪಲ ಬಂದದ್ದು 1976ರಲ್ಲಿ. ಕರಾಚಿಗೆ ಹೋದವು ಇದರ ಅಕ್ಕಂದಿರು. ಅವುಗಳ ಹೆಸರು ನಿಪಾತ್, ನಿರ್ಘಾತ್ ಮತ್ತು ವೀರ್. ಇಂಥ ಹಡಗುಗಳನ್ನು ದಂಡಿ ಕಾಯಲಿಕ್ಕೆ ಮಾಡಿದ್ದು, ದೂರ ಹೋಗಲಿಕ್ಕೆ ಅಲ್ಲ. ಹೊಲ ದೂರ ಇದ್ದಾಗ ಟ್ರ್ಯಾಕ್ಟರ್ ಹಿಂದೆ ಡೀಸೆಲ್ ಕ್ಯಾನು ಒಯ್ತಾರಲ್ಲ, ಹಾಗೆ ಇವುಗಳ ಜೊತೆಗೆ ಎಣ್ಣೆ ತುಂಬಿದ ಪೋಷಕ್ ಎಂಬ ಹಡಗನ್ನೂ ಕಳಿಸಿದರು. ಕಾವಲಿಗೆ ಕಿಲ್ತಾನ್, ಕಚ್ಚಲ್ ಎಂಬ ಹಡಗುಗಳು ಹೋದವು. 1971ರ ಡಿಸೆಂಬರ್ 4ರ ರಾತ್ರಿ ಈ ಸಣ್ಣ ಹಡಗುಗಳು ಕರಾಚಿಯ ಮೇಲೆ ದಾಳಿ ಮಾಡಿದವು. ಅದರ ನೆನಪಿಗೇ ಪ್ರತಿ ವರ್ಷ ಡಿಸೆಂಬರ್ 4ನ್ನು ನೌಕಾ ದಿನ ಎಂದು ಆಚರಿಸುತ್ತಾರೆ. ಇನ್ನೊಂದು ಮಾತು ನನಗೆ ಬಹಳ ಇಷ್ಟ. ಈ ಹಡಗು ನಡೆಸುವುದನ್ನು ಕಲಿಯಲು ನಮ್ಮ ನಾವಿಕರು ಸೋವಿಯತ್ ದೇಶಕ್ಕೆ ಹೋದಾಗ ಮೊದಲು ರಷ್ಯನ್ ಭಾಷೆ ಕಲಿಯಬೇಕಾಯಿತು. ಕಲಿತರು. ಕನ್ನಡ ಮಾಧ್ಯಮದ ನಾವು ಇಂಗ್ಲಿಷ್ ಪುಸ್ತಕ ಕಂಡ ಕೂಡಲೇ ಹೆದರುತ್ತೇವೆ. ಹೆದರಬಾರದು.

ಈಗ ನನ್ನ ಮಾತಿಗೆ ಬಂದ ಆಕ್ಷೇಪಗಳಿಗೆ ಉತ್ತರ ಕೊಡುತ್ತೇನೆ.

ಮೊದಲನೆಯದು, 'ಅದು ಗುಜರಿ ಕಬ್ಬಿಣ, ಅದನ್ನೇನು ನೋಡೋದು?' ಅನ್ನೋದು. ಹಡಗನ್ನು ನೋಡಲಿಕ್ಕೆ ಯಾರೂ ಹೋಗದಿದ್ದರೆ ಅದು ಗುಜರಿಯೇ ಆಗ್ತೈತಿ. ವಿಕ್ರಾಂತದ ಕಥೆ ಕೇಳಿರಿ. ಅದು ವಿಮಾನಗಳನ್ನು ಹೊತ್ತು ಸಾಗುವ ನಮ್ಮ ದೇಶದ ಮೊದಲನೇ ಹಡಗು. 1957ರಲ್ಲಿ ಬ್ರಿಟನ್ನಿನಿಂದ ಕೊಂಡದ್ದು, 1961ರಲ್ಲಿ ನೌಕಾಪಡೆಗೆ ಸೇರಿದ್ದು. 1971ರ ಯುದ್ಧದಲ್ಲಿ ಅದರ ಮೇಲಿಂದ ಹಾರಿದ ವಿಮಾನಗಳು ಬಂಗಾಳ ಕೊಲ್ಲಿಯಲ್ಲಿ ಚಿತ್ತಗಾಂಗ್, ಕಾಕ್ಸ್ ಬಜಾರ್ ಬಂದರುಗಳ ಮೇಲೆ ದಾಳಿ ಮಾಡಿದವು. 1997ರಲ್ಲಿ ನಿವೃತ್ತಿ ಆದ ಮೇಲೆ ಮುಂಬೈಯಲ್ಲಿ ಅದನ್ನು ಸಂಗ್ರಹಾಲಯ ಮಾಡಿದರು, ಜನ ಹತ್ತಿ ನೋಡಿದರು. 2012ರಲ್ಲಿ ಸುರಕ್ಷಿತ ಅಲ್ಲ ಅಂತ ಬಾಗಿಲು ಹಾಕಿದರು. ಉಳಿಸಿರಿ ಅಂತ ಸುಪ್ರೀಂ ಕೋರ್ಟಿನ ತನಕ ಹೋದರೂ ಉಳಿಯಲಿಲ್ಲ. 2014ರಲ್ಲಿ ಒಡೆಯಲು ಶುರು ಮಾಡಿದರು. ಅದರ ಕಬ್ಬಿಣ ಸೇರಿಸಿ 2016ರಲ್ಲಿ ಬಜಾಜ್ ವಿ ಎಂಬ ಮೋಟಾರ್ ಸೈಕಲ್ ಬಂತು. ಅಂಥ ಒಂದು ಗಾಡಿ ನಮ್ಮೂರಾಗೂ ಐತಿ. ಹುಡುಗರು ಅದರ ಟ್ಯಾಂಕ್ ಮುಟ್ಟಿ ಮುಟ್ಟಿ ನೋಡ್ತಾರ. ಗಾಡಿ ಚಲೋನ ಐತಿ, ಆದರೆ ಅದರ ಮೇಲೆ ನಿಂತು ವಿಮಾನ ಎಲ್ಲಿಂದ ಹಾರುತ್ತಿತ್ತು ಅಂತ ತೋರಿಸಲಿಕ್ಕೆ ಬರ್ತೈತೇನು? ಅದರ ತರುವಾಯ ವಿರಾಟ್ ಎಂಬ ದೊಡ್ಡ ಹಡಗು 2017ರಲ್ಲಿ ನಿವೃತ್ತಿ ಆಯಿತು. ಅದೂ 2020ರಲ್ಲಿ ಗುಜರಾತಿನ ಅಲಂಗಕ್ಕೆ ಒಡೆಯಲಿಕ್ಕೆ ಹೋಯಿತು. 2022ರಲ್ಲಿ ಹೊಸ ವಿಕ್ರಾಂತ ಬಂದದ್ದು ಸಂತೋಷ. ಹೆಸರು ಉಳೀತು, ಹಡಗು ಉಳೀಲಿಲ್ಲ.

ಎಲ್ಲಾ ಹಡಗು ಉಳಿಸಿರಿ ಅಂತ ನಾನು ಹೇಳುವುದಿಲ್ಲ. ಉಪ್ಪುಗಾಳಿ ಕಬ್ಬಿಣವನ್ನು ದಿನಾ ತಿಂತೈತಿ. ಬಣ್ಣ ಹಚ್ಚಬೇಕು, ತುಕ್ಕು ಕೆರೆಯಬೇಕು, ಕಾವಲು ಇಡಬೇಕು, ಇದಕ್ಕೆಲ್ಲಾ ರೊಕ್ಕ ಬೇಕು. ದೊಡ್ಡ ಹಡಗಿಗೆ ದೊಡ್ಡ ಖರ್ಚು. ಸಣ್ಣದನ್ನು ದಂಡಿಯ ಮೇಲೆ ಎಳೆದು ಇಟ್ಟರೆ ನೋಡಿಕೊಳ್ಳೋದು ಸುಲಭ. ವಿಶಾಖಪಟ್ಟಣದಲ್ಲಿ ಕುರ್ಸುರಾ ಎಂಬ 91 ಮೀಟರ್ ಉದ್ದದ ಜಲಾಂತರ್ಗಾಮಿಯನ್ನು ಹಾಗೇ ಮರಳ ಮೇಲೆ ಎಳೆದು ತಂದು 2002ರಿಂದ ಜನರಿಗೆ ತೋರಿಸುತ್ತಿದ್ದಾರೆ. ಆದರೆ ಯಾವ ಹಡಗೇ ಇರಲಿ, ನೋಡುವವರು ಬಂದರೆ ಮಾತ್ರ ಅದನ್ನು ಕಾಯುವವರಿಗೆ ಹುರುಪು. ಓದುವವರು ಇಲ್ಲದಿದ್ದರೆ ಈ ಗೋಡೆ ಪತ್ರಿಕೆಯೂ ಹಾಳೆಯಾಗಿಯೇ ಉಳಿತೈತಿ, ಅದರಂತೆಯೇ ಇದು. ನಾವು 40 ಮಕ್ಕಳು ಹೋಗಿ ಟಿಕೆಟ್ ತೆಗೆಸಿದರೆ ಅದೂ ಹಡಗು ಉಳಿಸಿದ ಹಾಗೆಯೇ.

ಎರಡನೆಯದು, 'ಮಕ್ಕಳಿಗೆ ಯುದ್ಧದ ಸಾಮಾನು ಯಾಕ ತೋರಸಬೇಕು? ಗಾಂಧೀಜಿ ದೇಶ ಅಲ್ಲೇನು?' ಎಂದು ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ಸಿನಿಮಾದಲ್ಲಿ ಯುದ್ಧ ಅಂದರೆ ಹಾಡು, ಬೆಂಕಿ, ಚಪ್ಪಾಳೆ. ಹಡಗಿನಲ್ಲಿ ಹಾಗಲ್ಲ. ಅಲ್ಲಿ ಮಲಗುವ ಹಾಸಿಗೆ ಕಾಣ್ತೈತಿ. ಅದರ ಮೇಲೆ ಮಲಗಿದವನು ಒಬ್ಬ ಅವ್ವನ ಮಗ ಅಂತ ಗೊತ್ತಾಗ್ತೈತಿ. 1971ರ ಡಿಸೆಂಬರ್ 9ರಂದು ದೀವ್ ಹತ್ತಿರ ನಮ್ಮ ಖುಕ್ರಿ ಎಂಬ ಹಡಗು ಶತ್ರುವಿನ ಜಲಾಂತರ್ಗಾಮಿಯ ಏಟಿಗೆ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಅದರ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ಹಡಗು ಬಿಟ್ಟು ಬರದೆ ಅದರೊಡನೆಯೇ ಹೋದರು. ದೀವ್‌ನಲ್ಲಿ ಸಮುದ್ರದ ಕಡೆ ಮುಖ ಮಾಡಿ ಅವರೆಲ್ಲರ ಸ್ಮಾರಕ ಐತಿ. ಹಾಗೆಯೇ ಕರಾಚಿಯ ಹತ್ತಿರ ನಮ್ಮವರು ಮುಳುಗಿಸಿದ ಖೈಬರ್ ಎಂಬ ಪಾಕಿಸ್ತಾನದ ಹಡಗಿನಲ್ಲಿಯೂ 200ಕ್ಕಿಂತ ಹೆಚ್ಚು ನಾವಿಕರು ಸತ್ತರು. ಅವರಿಗೂ ಮನೆ ಇತ್ತು. ಯುದ್ಧ ಹಡಗು ನೋಡಿದರೆ ಜಗಳಗಂಟರು ಆಗ್ತೀವಿ ಅನ್ನೋದನ್ನು ನಾನು ಒಪ್ಪುವುದಿಲ್ಲ. ಯುದ್ಧಕ್ಕೆ ಏನು ಬೆಲೆ ತೆರಬೇಕಾಗ್ತೈತಿ ಅನ್ನೋದು ಅಲ್ಲಿಯೇ ತಿಳಿತೈತಿ.

ಮೂರನೆಯದು, 'ಹುಡುಗ್ಯಾರಿಗೆ ಹಡಗು ಯಾಕ?' ಇದನ್ನು ನಮ್ಮ ತರಗತಿಯ ಹುಡುಗರೇ ಕೇಳಿದ್ದು. ಹದಿನಾರನೇ ಶತಮಾನದಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರ ಜೊತೆ ಹೋರಾಡಿದಳು. ಕರಾವಳಿ ಕಾವಲು ಪಡೆಯ ಒಂದು ಹಡಗಿಗೆ 2012ರಲ್ಲಿ ಅವಳ ಹೆಸರನ್ನೇ ಇಟ್ಟರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅದೇ ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದರು. ಇವು ಹಳೆಯ ಮಾತು ಅನ್ನುವವರಿಗೆ ಹೊಸದನ್ನು ಹೇಳ್ತೀನಿ. 2017ರ ಸೆಪ್ಟೆಂಬರಿನಲ್ಲಿ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ತಾರಿಣಿ ಎಂಬ ಹಾಯಿ ಹಡಗಿನಲ್ಲಿ ಗೋವೆಯಿಂದ ಹೊರಟು ಭೂಮಿಯನ್ನೇ ಸುತ್ತಿ 2018ರ ಮೇ ತಿಂಗಳಲ್ಲಿ ತಿರುಗಿ ಬಂದರು. ಅವರ ನಾಯಕಿ ವರ್ತಿಕಾ ಜೋಶಿ. ಭೂಮಿ ಸುತ್ತಲಿಕ್ಕೆ ಬರ್ತೈತಿ, ಕಾರವಾರಕ್ಕೆ ಹೋಗಲಿಕ್ಕೆ ಬರೋದಿಲ್ಲೇನು?

ನಾಲ್ಕನೆಯದು, 'ನಾವು ಬಯಲುಸೀಮೆ ಅಂಚಿನವರು, ನಮಗೂ ಸಮುದ್ರಕ್ಕೂ ಏನು ಸಂಬಂಧ?' ಅನ್ನೋದು. ಸಂಬಂಧ ಐತಿ, ಅದೂ ಕಲ್ಲಿನ ಮೇಲೆ ಕೊರೆದದ್ದು. ಹಿಂದೊಮ್ಮೆ ನಮ್ಮ ಪ್ರವಾಸ ಐಹೊಳೆಗೆ ಹೋಗಿತ್ತು. ದುರ್ಗ ಗುಡಿ, ಲಾಡಖಾನ ಗುಡಿ ನೋಡಿ ಊಟ ಮಾಡಿ ಬಂದೆವು. ಅಲ್ಲಿಯ ಗುಡ್ಡದ ಮೇಲೆ ಮೇಗುಟಿ ಬಸದಿ ಐತಿ, ಅದನ್ನು ನೋಡಲು ಹೊತ್ತು ಸಾಲಲಿಲ್ಲ. ಆ ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರ ಶಾಸನ ಐತಿ. ಬರೆದವನು ರವಿಕೀರ್ತಿ ಎಂಬ ಕವಿ. ಭಾಷೆ ಸಂಸ್ಕೃತ, ಲಿಪಿ ಹಳೆಯ ಕನ್ನಡ ಲಿಪಿ. ಬಾದಾಮಿಯ ಇಮ್ಮಡಿ ಪುಲಕೇಶಿ ನೂರಾರು ಹಡಗುಗಳನ್ನು ತೆಗೆದುಕೊಂಡು ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ಮುತ್ತಿದ ಎಂದು ಅದರಲ್ಲಿ ಹೇಳ್ಯಾರ. ಹಡಗುಗಳನ್ನು ಮದ ಏರಿದ ಆನೆಗಳಿಗೆ ಹೋಲಿಸ್ಯಾರ. ಸಮುದ್ರ ಕಾಣದ ಮಲಪ್ರಭಾ ದಂಡಿಯಲ್ಲಿ ಕುಳಿತು ಹಡಗಿನ ಸುದ್ದಿ ಕೆತ್ತಿ ಸುಮಾರು 1,390 ವರ್ಷ ಆಯಿತು. ಆ ಹಡಗುಗಳಲ್ಲಿ ಒಂದು ಹಲಗೆಯೂ ನಮಗೆ ನೋಡಲು ಉಳಿದಿಲ್ಲ, ಮಾತು ಮಾತ್ರ ಉಳಿದೈತಿ. ನಮ್ಮ ಕಾಲದ್ದಾದರೂ ಒಂದು ಹಡಗು ಉಳಿಯಲಿ ಅಂತ ನನಗೆ ಅನಸ್ತೈತಿ. ಕಾರವಾರದ ಈಗಿನ ನೌಕಾನೆಲೆಗೆ ಕದಂಬ ಅಂತ ನಮ್ಮ ರಾಜಮನೆತನದ ಹೆಸರನ್ನೇ ಇಟ್ಟಾರ.

ಕೊನೆಯ ಆಕ್ಷೇಪ ರೊಕ್ಕದ್ದು. ಇದು ಬಹಳ ಮುಖ್ಯ. ಹೋದ ವರ್ಷ ನಮ್ಮ ತರಗತಿಯ ಏಳು ಮಂದಿ ಪ್ರವಾಸಕ್ಕೆ ಬರಲಿಲ್ಲ. ಅವರ ಮನೆಯಲ್ಲಿ ಅಷ್ಟು ರೊಕ್ಕ ಇರಲಿಲ್ಲ. ಏಳರಲ್ಲಿ ಐದು ಮಂದಿ ಹುಡುಗಿಯರು, ಯಾಕಂದ್ರ ಒಬ್ಬರಿಗೇ ಕೊಡುವಷ್ಟು ಇದ್ದಾಗ ತಮ್ಮನ್ನ ಕಳಸ್ತಾರ. ಪಾರ್ಕಿನ ಒಂದು ಟಿಕೆಟ್ಟಿಗೆ ನಮ್ಮ ಅವ್ವನ ಒಂದು ದಿನದ ಕೂಲಿಗಿಂತ ಹೆಚ್ಚು ಬೀಳ್ತೈತಿ. ಹಡಗಿನ ಟಿಕೆಟ್ಟು ಅದಕ್ಕಿಂತ ಬಹಳ ಕಡಿಮೆ. ಸಮುದ್ರ ದಂಡಿಗಂತೂ ಟಿಕೆಟ್ಟೇ ಇಲ್ಲ. ನೀರಾಟ ಬೇಕು ಅನ್ನುವವರಿಗೆ ಅಲ್ಲಿ ನೀರೂ ಐತಿ, ಆದರೆ ಗುರುಗಳು ಹೇಳಿದಷ್ಟೇ ದೂರ ಇಳಿಯಬೇಕು. ನಸುಕಿನಾಗ ನಾಲ್ಕಕ್ಕೆ ಹೊರಟರೆ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ ದಾಟಿ ನಾಲ್ಕು ತಾಸಿನಲ್ಲಿ ಕಾರವಾರ. ಎಲ್ಲರೂ ರೊಟ್ಟಿ ಬುತ್ತಿ ಕಟ್ಟಿಕೊಂಡರೆ ಹೋಟೆಲ್ ಖರ್ಚಿಲ್ಲ. ಹಡಗಿನ ಹತ್ತಿರವೇ ಈಗ ನೌಕಾಪಡೆಯ ಟುಪೊಲೆವ್ ಎಂಬ ದೊಡ್ಡ ವಿಮಾನವನ್ನೂ ತಂದು ನಿಲ್ಲಿಸ್ಯಾರ. ಅದು 2017ರಲ್ಲಿ ನಿವೃತ್ತಿ ಆದದ್ದು. ರಾತ್ರಿ ಉಳಿಯುವ ಪ್ರಶ್ನೆ ಇಲ್ಲ, ಆದ್ದರಿಂದ ಹುಡುಗಿಯರ ಮನೆಯವರೂ ಬೇಡ ಅನ್ನಲಿಕ್ಕಿಲ್ಲ.

ಹೋಗುವ ಮೊದಲು ಒಂದು ಕೆಲಸ ಮಾಡಬೇಕು ಎಂದು ನನ್ನ ಸಲಹೆ. ಪ್ರತಿಯೊಬ್ಬರೂ ಮೂರು ಪ್ರಶ್ನೆ ಬರೆದುಕೊಂಡು ಹೋಗಬೇಕು. ಎಂಜಿನ್ನಿನ ಬಗ್ಗೆ ಒಂದು, ನಾವಿಕರ ಜೀವನದ ಬಗ್ಗೆ ಒಂದು, ಇತಿಹಾಸದ ಬಗ್ಗೆ ಒಂದು. ತಿರುಗಿ ಬಂದ ಮೇಲೆ ಉತ್ತರಗಳನ್ನು ಇದೇ ಗೋಡೆಯ ಮೇಲೆ ಹಚ್ಚಬೇಕು. ಆಗ ಬರಲಿಕ್ಕೆ ಆಗದ ಚಿಕ್ಕ ತರಗತಿಯವರಿಗೂ ಹಡಗು ನೋಡಿದಂತೆ ಆಗ್ತೈತಿ.

ಗುರುಗಳೇ, ಅಕ್ಕೋರೇ, ಪಾಲಕರ ಸಭೆಯಲ್ಲಿ ಈ ಮಾತನ್ನು ದಯವಿಟ್ಟು ಎತ್ತಿರಿ. ಎಲ್ಲಿಗೇ ಹೋದರೂ ಆ ಏಳು ಮಂದಿಯೂ ನಮ್ಮ ಜೊತೆ ಬಸ್ಸಿನಲ್ಲಿ ಇರುವಂಥ ಜಾಗಕ್ಕೇ ಹೋಗೋಣ. ಗೆಳೆಯರೇ, ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಉತ್ತರ ಬರೆದು ಕೊಡಿರಿ. ಅದರಾಗ ಕಾರಣ ಇರಲಿ, ಬರೀ ನಗಿ ಬ್ಯಾಡ.

ಇಂತಿ ನಿಮ್ಮ,
ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ