ಅಂಗವಿಕಲ ನೌಕರರೂ ಇಲಾಖೆಗಳ ಹಠವೂ

2025ನೆಯ ಇಸವಿ ಆಗಸ್ಟ್ 1ರಂದು ತೆಲಂಗಾಣದ ಒಬ್ಬ ಬಸ್ಸು ಚಾಲಕನ ಖಟ್ಲೆಯಲ್ಲಿ ಸುಪ್ರೀಮ್ ಕೋರ್ಟು ಕೊಟ್ಟ ತೀರ್ಪು ನಮ್ಮ ಅಧಿಕಾರಿವರ್ಗದವರು ಮನಸ್ಸಿಟ್ಟು ಓದತಕ್ಕುದಾಗಿದೆ. ಬಣ್ಣಗಳನ್ನು ಗುರುತಿಸಲಾರದ ದೃಷ್ಟಿದೋಷವಿದೆಯೆಂದು ರಸ್ತೆ ಸಾರಿಗೆ ಸಂಸ್ಥೆಯು ಆತನನ್ನು 2016ರಲ್ಲಿ ಮನೆಗೆ ಕಳುಹಿಸಿತು. ಅಂಥವನ ಕೈಗೆ ಬಸ್ಸನ್ನು ಒಪ್ಪಿಸಲಾಗದೆಂಬುದು ಸರಿಯೇ. ಆದರೆ ಆತನು ಬೇಡಿದುದು ಬಸ್ಸನ್ನಲ್ಲ, ಬೇರೊಂದು ಕೆಲಸವನ್ನು. ಇಂಥ ಚಾಲಕರಿಗೆ ಬದಲಿ ಕೆಲಸ ಕೊಡುವೆವೆಂದು ಅವಿಭಜಿತ ಆಂಧ್ರದ ಸಾರಿಗೆ ಸಂಸ್ಥೆಯು 1979ರಲ್ಲಿಯೇ ಕಾರ್ಮಿಕರೊಡನೆ ಒಡಂಬಟ್ಟಿದ್ದಿತು. ಆ ಮಾತನ್ನು ಉಳಿಸಿಕೊಳ್ಳುವಂತೆ ಮಾಡುವುದಕ್ಕೆ ದೇಶದ ಅತ್ಯುನ್ನತ ನ್ಯಾಯಸ್ಥಾನವೇ ಬೇಕಾಯಿತು; ಅಷ್ಟರಲ್ಲಿ ಒಂಬತ್ತು ವರ್ಷಗಳು ಕಳೆದಿದ್ದವು.

ಇದು ಹೊಸ ಸಂಗತಿಯಲ್ಲ. ಕೇಂದ್ರದ ಒಂದು ಪಡೆಯಲ್ಲಿದ್ದ ಕಾನ್‌ಸ್ಟೇಬಲನೊಬ್ಬನು ಕರ್ತವ್ಯದಲ್ಲಿರುವಾಗ ಪೆಟ್ಟುಬಿದ್ದು, ಗಾಯ ಕೊಳೆತು, ಎಡಗಾಲನ್ನೇ ಕಳೆದುಕೊಂಡನು. ಇಲಾಖೆಯು ಪಿಂಚಣಿ ಗೊತ್ತುಮಾಡಿ 1998ರಲ್ಲಿ ಆತನನ್ನು ಬಿಡುಗಡೆ ಮಾಡಿತು. ಸೇವೆಯಲ್ಲಿದ್ದಾಗ ಅಂಗವಿಕಲನಾದವನನ್ನು ತೆಗೆಯಕೂಡದು, ಅದೇ ಸಂಬಳದಲ್ಲಿ ಬೇರೆ ಹುದ್ದೆಗೆ ಬದಲಾಯಿಸಬೇಕು, ಹುದ್ದೆ ಖಾಲಿ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಾದರೂ ಇರಿಸಿಕೊಳ್ಳಬೇಕು ಎಂದು 1995ರ ಕಾಯಿದೆಯ 47ನೆಯ ಕಲಮು ವಿಧಿಸಿದ್ದಿತು. ಪಿಂಚಣಿ ಪಡೆದವನಿಗೆ ಇದು ಸಲ್ಲದೆಂದು ಇಲಾಖೆಯು ಹಠಹಿಡಿಯಿತು. ಹೈಕೋರ್ಟು ಆತನ ಕೈಬಿಟ್ಟಿತು. 2003ರಲ್ಲಿ ಸುಪ್ರೀಮ್ ಕೋರ್ಟು ಇಲಾಖೆಯ ವಾದವನ್ನು ತಳ್ಳಿಹಾಕಿತು. 2016ರ ಹೊಸ ಕಾಯಿದೆಯು ಇದೇ ರಕ್ಷಣೆಯನ್ನು 20ನೆಯ ಕಲಮಿನಲ್ಲಿ ಉಳಿಸಿಕೊಂಡಿದೆ.

ಆದುದರಿಂದ ಕಾನೂನಿಲ್ಲವೆಂದು ದೂರುವಂತಿಲ್ಲ, ಕೊರತೆಯಿರುವುದು ದಫ್ತರದಲ್ಲಿ. ವೈದ್ಯರು 'ಅಯೋಗ್ಯ'ನೆಂದು ಬರೆದುದು ಯಾವ ಕೆಲಸಕ್ಕೆಂಬುದನ್ನು ವಿಚಾರಿಸುವ ಮೊದಲೇ ಆಜ್ಞೆ ಹೊರಟುಬಿಡುತ್ತದೆ. ಮುಂದೆ ಇಲಾಖೆಯ ವಕೀಲರಿಗೆ ಹಣ ಬೊಕ್ಕಸದಿಂದ ಬರುತ್ತದೆ, ನೌಕರನ ವಕೀಲರಿಗೆ ಅವನ ಹೆಂಡತಿಯ ಮೈಮೇಲಿನ ಬಂಗಾರದಿಂದ. ತೀರ್ಪು ಬರುವ ಹೊತ್ತಿಗೆ, ಆಜ್ಞೆಗೆ ರುಜು ಹಾಕಿದ ಮಹನೀಯರು ಪ್ರಾಯಶಃ ಬಡ್ತಿ ಪಡೆದು ನಿವೃತ್ತರೂ ಆಗಿರುತ್ತಾರೆ. ಅವರನ್ನು ಕೇಳುವವರಾರು?

ಇಷ್ಟಾದರೂ ಈ 20ನೆಯ ಕಲಮು ಕಟ್ಟುವುದು ಸರಕಾರೀ ಸಂಸ್ಥೆಗಳನ್ನು ಮಾತ್ರ. ಖಾಸಗಿ ಕಾರ್ಖಾನೆಯ ಯಂತ್ರಕ್ಕೆ ಕೈಯೊಪ್ಪಿಸಿದವನಿಗೆ ಪರಿಹಾರದ ಹಣ ದೊರೆತೀತು. ಕೆಲಸ ಉಳಿದೀತೆಂಬ ಭರವಸೆಯನ್ನು ಆ ಕಲಮು ಕೊಡುವುದಿಲ್ಲ. ಸಮಾನಾವಕಾಶದ ನೀತಿಯೊಂದನ್ನು ಪ್ರಕಟಿಸಬೇಕೆಂದು ಖಾಸಗಿ ಮಾಲಿಕರಿಗೂ ವಿಧಿಸಲಾಗಿದೆಯಷ್ಟೆ. ಪಾರ್ಲಿಮೆಂಟು ಈ ಕಂಡಿಯನ್ನು ಮುಚ್ಚಬೇಕೆಂದು ನಾವು ಒತ್ತಿ ಹೇಳುತ್ತೇವೆ. ಅಲ್ಲಿಯವರೆಗೆ ನಮ್ಮ ಇಲಾಖೆಗಳಾದರೂ ಇಂಥ ಕಡತಗಳನ್ನು ಕೋರ್ಟಿಗೆ ಹೋಗುವ ಮುನ್ನವೇ ತೆರೆದು ನೋಡಲಿ. ತೆಲಂಗಾಣದ ಚಾಲಕನಿಗೆ ಎಂಟು ವಾರಗಳೊಳಗೆ ಕೆಲಸವನ್ನೂ, ಬಾಕಿ ಸಂಬಳದಲ್ಲಿ ಕಾಲುಭಾಗವನ್ನೂ ಕೊಡಬೇಕೆಂದು ತೀರ್ಪಾಯಿತು. ಉಳಿದ ಮುಕ್ಕಾಲು ಭಾಗದ ನಷ್ಟ ಆತನದೇ.